ಜಾಲಿ ಇಲ್ಲದ ಸೈಲೆನ್ಸರ್

ನಮ್ಮ ನಡುಮನೆಯ ಗೋಡೆಗೆ ಒಂದು ಗಡಿಯಾರ ತೂಗುಹಾಕಿತ್ತು, ಆದರೆ ಅದನ್ನು ನೋಡಿಕೊಂಡು ಯಾರೂ ಏನನ್ನೂ ಮಾಡುತ್ತಿರಲಿಲ್ಲ. ನಮ್ಮ ಮನೆಯ ಹೊತ್ತು ನಡೆಯುತ್ತಿದ್ದದ್ದು ಎರಡು ಸದ್ದುಗಳ ಮೇಲೆ. ಒಂದು, ಪಾಂಡವಪುರದ ಕಡೆಯಿಂದ ಕೇಳಿಬರುತ್ತಿದ್ದ ಸಕ್ಕರೆ ಕಾರ್ಖಾನೆಯ ಸೈರನ್ನು. ಅದು ಕೂಗಿತೆಂದರೆ ದೊಡ್ಡಪ್ಪನ ಪಾಳಿ ಮುಗಿಯಿತು, ಇನ್ನು ಸೈಕಲ್ಲು ತುಳಿದುಕೊಂಡು ಮನೆಗೆ ಬರುತ್ತಾನೆ ಎಂದು ಅರ್ಥ. ಇನ್ನೊಂದು, ಅಪ್ಪನ ಬುಲೆಟ್ಟಿನ ಸದ್ದು. ಅದಕ್ಕೆ ಹೊತ್ತುಗೊತ್ತು ಇರಲಿಲ್ಲ. ಅಪ್ಪ ಬೆಲ್ಲದ ದಲ್ಲಾಳಿ. ಆಲೆಮನೆಗಳನ್ನು ಸುತ್ತುತ್ತಾ ಇವತ್ತು ಕೆ.ಆರ್. ಪೇಟೆ, ನಾಳೆ ನಾಗಮಂಗಲ, ನಾಡಿದ್ದು ಬೆಳ್ಳೂರು ಕ್ರಾಸು ಎಂದು ತಿರುಗುತ್ತಿದ್ದವನು ಮಧ್ಯಾಹ್ನಕ್ಕೆ ಬರುತ್ತಾನೋ ದೀಪ ಹಚ್ಚುವ ಹೊತ್ತಿಗೆ ಬರುತ್ತಾನೋ ಅವನಿಗೇ ತಿಳಿದಿರುತ್ತಿರಲಿಲ್ಲ. ಆದರೆ ಆ ಗಾಡಿಯ ಸೈಲೆನ್ಸರು ತುಕ್ಕು ಹಿಡಿದು ತೂತು ಬಿದ್ದು ಹೋಗಿತ್ತಾದ್ದರಿಂದ ಗಾಡಿ ನಾಲೆ ಏರಿಯ ಮೇಲೆ ಬಂದ ಕೂಡಲೇ ಇಡೀ ಊರಿಗೆ ಕೇಳಿಸುತ್ತಿತ್ತು. ಏರಿಯಿಂದ ನಮ್ಮ ಮನೆಗೆ ಪೂರಾ ಇಳಿಜಾರು. ಸದ್ದು ಕೇಳಿದ ಮೇಲೆ ಅವ್ವ ಒಲೆಯ ಮೇಲಿನ ಮುದ್ದೆ ತೊಳಸಿ ಇಳಿಸುವಷ್ಟು ಹೊತ್ತು ನಮಗೆ ಸಿಗುತ್ತಿತ್ತು. ಅಷ್ಟರಲ್ಲಿ ರೇಡಿಯೋ ಬಾಯಿ ಮುಚ್ಚುತ್ತಿತ್ತು, ನಾನು ಪುಸ್ತಕ ತೆರೆಯುತ್ತಿದ್ದೆ, ಅವ್ವ ಸೆರಗು ಸರಿ ಮಾಡಿಕೊಂಡು ಮುಖದಲ್ಲಿದ್ದ ನಗುವನ್ನು ಒರೆಸಿಕೊಳ್ಳುತ್ತಿದ್ದಳು. ಸೈಲೆನ್ಸರ್ ಎಂದರೆ ಸದ್ದಡಗಿಸುವುದು ಎಂದು ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳಿದಾಗ ನಾನೊಬ್ಬಳೇ ತಲೆಯಾಡಿಸಿದ್ದೆ. ನಮ್ಮ ಮನೆಯಲ್ಲಿ ಅದು ಅಡಗಿಸುತ್ತಿದ್ದದ್ದು ಗಾಡಿಯ ಸದ್ದನ್ನಲ್ಲ, ಮನೆಯವರ ಸದ್ದನ್ನು.

ಅಪ್ಪನ ಮೇಲೆ ನನಗೆ ಪ್ರೀತಿಯಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಈಗ ನನಗೆ ಅವನ ಆಗಿನ ವಯಸ್ಸು ದಾಟಿ ಎಷ್ಟೋ ಕಾಲವಾಗಿದೆ. ಆ ವಯಸ್ಸಿನ ಮನುಷ್ಯನ ಕಷ್ಟಸುಖ ಏನಿರುತ್ತದೆ ಎಂದು ಗೊತ್ತಾಗಿದೆ. ಆದರೂ ಮನಸ್ಸು ಕರಗಲಿಲ್ಲ. ಅವನು ಹೊಡೆಯುವವನಲ್ಲ, ಕುಡಿಯುವವನೂ ಅಲ್ಲ. ಊರಿನವರ ಲೆಕ್ಕದಲ್ಲಿ ಒಳ್ಳೆಯವನೇ. ಸಾರಿಗೆ ಉಪ್ಪು ಕಡಿಮೆಯಾದರೆ ಬೇರೆಯವರ ಮನೆಯ ಗಂಡಸರು ಬೈಯುತ್ತಿದ್ದರು, ಅಪ್ಪ ಬೈಯುತ್ತಿರಲಿಲ್ಲ. ಮುದ್ದೆಯನ್ನು ಒಂದು ತುತ್ತು ಮುರಿದು, ತಟ್ಟೆಯನ್ನು ಗೋಡೆಯ ಕಡೆಗೆ ಸರಿಸಿ, ಕೈ ತೊಳೆದುಕೊಂಡು ಎದ್ದುಬಿಡುತ್ತಿದ್ದ. ಆ ತಟ್ಟೆಯನ್ನು ಅವ್ವ ಎತ್ತುವ ಹಾಗಿರಲಿಲ್ಲ. ಎತ್ತಿದರೆ ಅವನಿಗೆ ಅವಮಾನ. ಇರುವೆ ಮುತ್ತಿದ ಆ ತಟ್ಟೆಯ ಪಕ್ಕದಲ್ಲೇ ಕೂತು ನಾನು ಅವ್ವ ಉಣ್ಣಬೇಕಿತ್ತು. ಅವನ ಸಿಟ್ಟೆಲ್ಲ ಹೀಗೆ ಸದ್ದಿಲ್ಲದ್ದು. ಅವನ ಗಾಡಿಯೊಂದೇ ಅವನ ಪರವಾಗಿ ಕೂಗಾಡುತ್ತಿತ್ತು.

ಅಂಗಳದಿಂದ ಹಿತ್ತಿಲವರೆಗೂ ನಡುವೆ ಒಂದು ಗೋಡೆ ಇತ್ತು. ನಾನು ಚಿಕ್ಕವಳಿದ್ದಾಗ ಇರಲಿಲ್ಲ. ಆಗ ಅದು ಒಂದೇ ಮನೆ, ಒಂದೇ ಒಲೆ. ಅಪ್ಪನಿಗೆ ಒಬ್ಬನೇ ಅಣ್ಣ, ಅವನ ಹೆಂಡತಿ ನನ್ನ ದೊಡ್ಡವ್ವ. ಈ ದೊಡ್ಡವ್ವ ನನ್ನ ಅವ್ವನಿಗೆ ಸ್ವಂತ ಅಕ್ಕ. ನಾಗಮಂಗಲದ ಕಡೆಯ ಒಂದೇ ಮನೆಯಿಂದ ಅಣ್ಣನಿಗೆ ಅಕ್ಕನನ್ನು ತಂದು, ಕೆಲವು ವರ್ಷಗಳ ಮೇಲೆ ತಮ್ಮನಿಗೆ ತಂಗಿಯನ್ನು ತಂದಿದ್ದರು. ಹೀಗೆ ಮಾಡಿದರೆ ಮನೆ ಒಡೆಯುವುದಿಲ್ಲ ಎಂದು ಹಿರಿಯರ ಲೆಕ್ಕಾಚಾರ. ಆ ಮನೆ ಒಡೆದದ್ದು ಒಂದು ಬಾಳೆ ಎಲೆಗೆ. ಸಿಂಧಘಟ್ಟದಲ್ಲಿ ಒಂದು ಬೀಗರೂಟ. ಮದುವೆಯಾದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಕರೆದು ಹಾಕುವ ಬಾಡೂಟಕ್ಕೆ ನಮ್ಮ ಕಡೆ ಎಷ್ಟು ಬೆಲೆ ಇದೆಯೆಂದು ಹೊರಗಿನವರಿಗೆ ಹೇಳುವುದು ಕಷ್ಟ. ಮದುವೆಗೆ ಹೋಗದಿದ್ದರೂ ನಡೆಯುತ್ತದೆ, ಬೀಗರೂಟದಲ್ಲಿ ಮೊದಲ ಪಂಕ್ತಿಯಲ್ಲಿ ಎಲೆ ಸಿಗದಿದ್ದರೆ ಮಾತ್ರ ಗಂಡಸು ಸತ್ತ ಹಾಗೆ. ಅವತ್ತು ದೊಡ್ಡಪ್ಪ ದೊಡ್ಡವ್ವ ಮುಂಚೆಯೇ ಹೋಗಿದ್ದರು, ಅಪ್ಪನ ಬುಲೆಟ್ಟು ರಿಪೇರಿಗೆ ಬಿಟ್ಟಿತ್ತು. ಬಸ್ಸಿನಲ್ಲಿ ಬಂದು, ಇಳಿದು ನಡೆದುಕೊಂಡು ಶಾಮಿಯಾನದೊಳಗೆ ಬರುವಷ್ಟರಲ್ಲಿ ಮೊದಲ ಪಂಕ್ತಿ ಕೂತಿತ್ತು, ಮುದ್ದೆ ಬಿದ್ದಿತ್ತು, ತಲೆಮಾಂಸ ಬಡಿಸಿ ಆಗಿತ್ತು. ದೊಡ್ಡಪ್ಪ ತುತ್ತು ನುಂಗುತ್ತಾ ತಲೆಯೆತ್ತಿ ಎಲ್ಲರೆದುರಿಗೆ ಹೇಳಿದ್ದಿಷ್ಟೇ.

"ನಿನ್ ಗಾಡಿ ಸದ್ದು ಕೇಳ್ಲಿಲ್ಲ ಕಣ್ಲಾ. ನೀ ಬರಕ್ಕಿಲ್ಲ ಅಂದ್ಕಂಡೊ."

ಪಂಕ್ತಿಯಲ್ಲಿದ್ದವರು ನಕ್ಕರಂತೆ. ಎರಡನೇ ಪಂಕ್ತಿಗೆ ಕೂತರೆ ಉಳಿಯುವುದು ಮೂಳೆ, ನೀರಾದ ಸಾರು. ಅಪ್ಪ ಕೂರಲಿಲ್ಲ. ಹಾಗೇ ತಿರುಗಿ ಬಸ್ಸು ಹತ್ತಿ ಊರಿಗೆ ಬಂದವನು ಆ ವಾರದಲ್ಲೇ ಇಟ್ಟಿಗೆ ಹೊಡೆಸಿ ಅಂಗಳದಿಂದ ಹಿತ್ತಿಲವರೆಗೂ ಗೋಡೆ ಎಬ್ಬಿಸಿದ. ಅಣ್ಣ ತಮ್ಮ ಮಾತು ಬಿಟ್ಟರು. ಅವ್ವನಿಗೂ ಅಪ್ಪಣೆಯಾಯಿತು, ಇನ್ನು ಆ ಕಡೆಯವರೊಂದಿಗೆ ಮಾತಾಡುವಂತಿಲ್ಲ ಎಂದು. ಆ ಕಡೆಯವರೆಂದರೆ ಅವಳ ಒಡಹುಟ್ಟಿದ ಅಕ್ಕ ಎಂಬುದನ್ನು ಯಾರೂ ಎತ್ತಿ ಆಡಲಿಲ್ಲ. ದೊಡ್ಡಪ್ಪನೂ ಕಡಿಮೆಯಿಲ್ಲ. ಅವನಿಗೆ ಬೇಡವಾದದ್ದು ನಮಗ್ಯಾಕೆ ಎಂದು ತನ್ನ ಹೆಂಡತಿಗೂ ಅದನ್ನೇ ಹೇಳಿ ಸೈಕಲ್ಲು ಹತ್ತಿ ಕಾರ್ಖಾನೆಗೆ ಹೋದ.

ಇಬ್ಬರು ಗಂಡಸರೂ ಮನೆಯಲ್ಲಿಲ್ಲದ ಹೊತ್ತಿನಲ್ಲಿ ದೊಡ್ಡವ್ವ ಗೋಡೆ ಹತ್ತಿ ಬರುತ್ತಿದ್ದಳು. ಅವಳ ಕಡೆ ಒಗೆಯುವ ಕಲ್ಲು, ನಮ್ಮ ಕಡೆ ಒರಳುಕಲ್ಲು. ಭಾರೀ ಹೆಂಗಸು. ಸೀರೆ ಎತ್ತಿ ಕಟ್ಟಿ ಗೋಡೆಯ ಮೇಲೆ ಒಂದು ಗಳಿಗೆ ಕೂತು, ಏದುಸಿರು ಬಿಟ್ಟು, ಅಪ್ಪನ ವಂಶವನ್ನೆಲ್ಲ ಒಂದು ಸಲ ಬೈದು, ಆಮೇಲೆ ಒರಳುಕಲ್ಲಿನ ಮೇಲೆ ಕಾಲಿಡುತ್ತಿದ್ದಳು. ಅಕ್ಕತಂಗಿಯರು ಕದ್ದು ಸೇರಿ ಕಣ್ಣೀರು ಹಾಕಿಕೊಳ್ಳುತ್ತಿದ್ದರು ಎಂದು ನೀವು ಅಂದುಕೊಂಡಿದ್ದರೆ ತಪ್ಪು. ಅವರು ಸೇರುತ್ತಿದ್ದದ್ದು ಜಗಳವಾಡಲು. ತವರುಮನೆಯ ಬೆಳ್ಳಿ ಡಾಬು ಯಾರಿಗೆ ಸೇರಬೇಕಿತ್ತು, ತಾಯಿ ಸಾಯುವಾಗ ಯಾರ ಹೆಸರು ಕರೆದಳು, ಉಪ್ಸಾರಿನ ಖಾರಕ್ಕೆ ಹುಣಸೆ ಹಾಕಬೇಕೋ ಬೇಡವೋ, ಯಾವುದಾದರೂ ಸರಿ. ಇಡೀ ದಿನ ತುಟಿ ಬಿಚ್ಚದ ಅವ್ವ ಅಕ್ಕನೆದುರು ಕೂತರೆ ಕೈ ತಿರುಗಿಸಿ ತಿರುಗಿಸಿ ವಾದಿಸುತ್ತಿದ್ದಳು. ಅವಳಿಗೆ ಅಷ್ಟು ಗಟ್ಟಿ ದನಿಯಿದೆಯೆಂದು ನನಗೆ ಗೊತ್ತಾದದ್ದೇ ಆ ಹಿತ್ತಿಲಲ್ಲಿ. ದೊಡ್ಡವ್ವ ಆಗಾಗ ಸಿಂಧಘಟ್ಟದ ಸುದ್ದಿ ತೆಗೆಯುತ್ತಿದ್ದಳು. "ಅವತ್ತು ನಾನು" ಎಂದು ಶುರು ಮಾಡುತ್ತಿದ್ದಂತೆ ಅವ್ವ ಕೈ ಅಡ್ಡ ಹಿಡಿದು, ಆ ಊರಿನ ಹೆಸರು ನನ್ನ ಹಿತ್ತಿಲಲ್ಲಿ ಎತ್ತಬೇಡ ಎನ್ನುತ್ತಿದ್ದಳು. ಜಗಳ ಡಾಬಿಗೆ ಹಿಂತಿರುಗುತ್ತಿತ್ತು. ನಡುವೆ ಏರಿಯ ಮೇಲೆ ಬುಲೆಟ್ಟು ಗುಡುಗಿತೆಂದರೆ ಮಾತು ಎಲ್ಲಿತ್ತೋ ಅಲ್ಲಿಗೇ ನಿಂತು, ದೊಡ್ಡವ್ವ ಒರಳುಕಲ್ಲು ಹತ್ತಿ ಆಚೆ ಇಳಿದುಬಿಡುತ್ತಿದ್ದಳು. ಅಪ್ಪ ಒಳಗೆ ಬರುವಾಗ ಅವ್ವ ಮುದ್ದೆ ತೊಳಸುತ್ತಿರುತ್ತಿದ್ದಳು.

ಹೀಗಿರುವಾಗ ಒಂದು ರಾತ್ರಿ ಉಣ್ಣುತ್ತಾ ಅಪ್ಪ ಗಾಡಿಯ ಮಾತು ತೆಗೆದ. ತೂತಿನಿಂದ ನುಗ್ಗುವ ಬಿಸಿಹೊಗೆಗೆ ಅವನ ಪಂಚೆಯ ಅಂಚು ಸುಟ್ಟುಹೋಗಿತ್ತು. ಕೆ.ಆರ್. ಪೇಟೆಯ ಸಂತೆಯಲ್ಲಿ ಯಾರೋ, ಗೌಡ್ರು ಟ್ರಾಕ್ಟರು ತಂದವ್ರೆ ಎಂದು ಆಡಿಕೊಂಡಿದ್ದರು.

"ನಾಳೀಕೆ ಪಟ್ಣುಕ್ಕೋಗಿ ಸೈಲೆನ್ಸರು ಬದಲಾಯಿಸ್ಕಂಡು ಬತ್ತೀನಿ."

ಅವ್ವ ತಲೆಯಾಡಿಸಿದಳು. ಶ್ರೀರಂಗಪಟ್ಟಣ ನಮಗೆ ಬರೀ ಪಟ್ಣ. ಅಪ್ಪ ಮುದ್ದೆಯನ್ನು ಸಾರಿನಲ್ಲಿ ಅದ್ದಿ, ನುಂಗಿ, ಅವ್ವನ ಮುಖವನ್ನೇ ನೋಡುತ್ತಾ ಹೇಳಿದ.

"ಸದ್ದೇ ಬರದಂಗಿರೋದು ಹಾಕಿಸ್ತೀನಿ. ನಾನು ಬಾಗ್ಲಿಗೆ ಬಂದು ನಿಂತ್ರೂ ಯಾರ್ಗೂ ಗೊತ್ತಾಗ್ಬಾರ್ದು, ಅಂಗಿರ್ಬೇಕು."

ಅವ್ವ ಬಡಿಸುವುದನ್ನು ಮರೆತು ಸಾರಿನ ಸೌಟನ್ನು ಹಾಗೇ ಹಿಡಿದುಕೊಂಡು ನಿಂತಳು. ಅವನಿಗೆ ಅನುಮಾನ ಬಂದಿದೆ ಎಂದು ನಮಗಿಬ್ಬರಿಗೂ ಆ ಗಳಿಗೆಯಲ್ಲೇ ಗೊತ್ತಾಯಿತು. ಬೆಳಿಗ್ಗೆ ಅವ್ವ, ನಿಮಿಷಾಂಬೆಗೆ ಬಳೆ ಹರಕೆ ಹೊತ್ತಿದ್ದೀನಿ, ಹೆಂಗೂ ಆ ಕಡೆ ಹೋಗುವವರು ಮಗಳನ್ನೂ ಕರೆದುಕೊಂಡು ಹೋಗಿ ಎಂದು ಅಪ್ಪನಿಗೆ ಹೇಳಿದಳು. ದೇವರ ಹೆಸರಿಗೆ ಅಪ್ಪ ಎದುರು ಹೇಳುತ್ತಿರಲಿಲ್ಲ. ಜಡೆ ಹಾಕುವ ನೆಪದಲ್ಲಿ ನನ್ನನ್ನು ಕೋಣೆಗೆ ಎಳೆದುಕೊಂಡು ಹೋದ ಅವ್ವ ಕೂದಲನ್ನು ನೋಯುವಷ್ಟು ಬಿಗಿದು ಕಿವಿಯಲ್ಲಿ ಹೇಳಿದಳು.

"ಅವ್ರು ಸುಮ್ಕಿರೋದು ತಕ್ಕಂಡು ಬಂದ್ರೆ ನಿಮ್ ದೊಡ್ಡವ್ವ ಇನ್ನೊಂದ್ ಕಿತ ಈ ಗ್ವಾಡೆ ಹತ್ತಕ್ಕಿಲ್ಲ. ಅದೇನ್ ಮಾಡ್ತೀಯೋ ಮಾಡು. ಸದ್ದಿರೋದೇ ಮನೀಗ್ ಬರ್ಬೇಕು."

"ನಾನೇನ್ ಮಾಡ್ಲವ್ವ. ಅಪ್ಪ ನನ್ ಮಾತು ಕೇಳ್ತದಾ."

"ಓದ್ತಾ ಇದೀಯಲ್ಲ. ಓದು ಯಾತುಕ್ಕದೆ."

ಗಂಜಾಮಿನಲ್ಲಿ ಅಪ್ಪ ನಿಮಿಷಾಂಬೆಯ ಗುಡಿಯ ಒಳಗೆ ಬರಲಿಲ್ಲ. ಗಾಡಿಯ ಪಕ್ಕದಲ್ಲೇ ನಿಂತು ನದಿಯ ಕಡೆ ಮುಖ ಮಾಡಿ ಬೀಡಿ ಹಚ್ಚಿದ. ಕೇಳಿದ್ದನ್ನು ನಿಮಿಷದಲ್ಲಿ ಕೊಡುವ ತಾಯಿ ಎಂದು ಹೆಸರು. ಮಕ್ಕಳು ಬೇಕು, ಮದುವೆ ಆಗಬೇಕು, ಕೇಸು ಗೆಲ್ಲಬೇಕು ಎಂದು ಜನ ಕೈಮುಗಿದು ನಿಂತಿದ್ದರು. ನಾನು ಹಸಿರು ಬಳೆ ಕೊಟ್ಟು, ಕಣ್ಣು ಮುಚ್ಚಿ, ತಾಯಿ ಜೋರಾಗಿ ಸದ್ದು ಬರುವ ಸೈಲೆನ್ಸರು ಕೊಡಿಸವ್ವ ಎಂದು ಬೇಡಿಕೊಂಡೆ. ದೇವಿಗೆ ಅಂಥ ಹರಕೆ ಅದೇ ಮೊದಲಿರಬೇಕು. ಹೊರಗೆ ಬಂದಾಗ ಅಪ್ಪ, ಈಟೊತ್ತು ಏನ್ ಕೇಳ್ಕತಿದ್ದೆ ಎಂದ. ನಿನ್ನ ಆಯಸ್ಸು ಎಂದೆ. ಅವನು ಬೀಡಿ ಹೊಸಕಿ ಗಾಡಿ ಹತ್ತಿದ.

ಪಟ್ಣದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಆಚೆ, ಮೈಸೂರು ರಸ್ತೆಗೆ ಮುಖಮಾಡಿ ಮುನೀರ್ ಸಾಬರ ಅಂಗಡಿ. ಸೂರಿನ ಕೆಳಗೆ ಕಬ್ಬಿಣದ ಸಲಾಕೆಗೆ ಸೈಲೆನ್ಸರುಗಳನ್ನು ಸಾಲಾಗಿ ನೇತುಹಾಕಿದ್ದರು. ಬಿಸಿಲಿಗೆ ಅವು ಕಣ್ಣಿಗೆ ಹೊಡೆಯುತ್ತಿದ್ದವು. ಮುನೀರ್ ಸಾಬರಿಗೂ ಅಪ್ಪನಿಗೂ ಹಳೆಯ ಎಣ್ಣೆ ಸೀಗೆಕಾಯಿ. ಹಿಂದೆ ಒಂದು ಸಲ ಹಾಕಿಸಿದ ಚೈನು ತುಂಡಾಯಿತೆಂದು ಅಪ್ಪ, ಚೈನಿಗೆ ಎಣ್ಣೆ ತೋರಿಸದವರಿಗೆ ಗಾಡಿ ಯಾಕೆ ಎಂದು ಅವರು. ಆದರೂ ಬುಲೆಟ್ಟಿನ ಸಾಮಾನು ಸಿಗುತ್ತಿದ್ದದ್ದು ಅಲ್ಲೇ ಆದ್ದರಿಂದ ಇಬ್ಬರಿಗೂ ಬೇರೆ ದಾರಿಯಿರಲಿಲ್ಲ. ನಮ್ಮನ್ನು ನೋಡಿದ ಕೂಡಲೇ ಅವರು ಎದ್ದು ಬರಲಿಲ್ಲ, ಕೂತಲ್ಲಿಂದಲೇ ಮಾತಾಡಿಸಿದರು.

"ಬಂದ್ರಾ ಗೌಡ್ರೇ. ಗಂಜಾಂ ಬಿಟ್ಟಾಗ್ಲೇ ಗೊತ್ತಾಯ್ತು. ಸತ್ತೋರೂ ಎದ್ದು ಕೂರ್ತಾರೆ ನಿಮ್ಮ ಗಾಡಿಗೆ."

"ಅದಕ್ಕೇ ಬಂದಿರೋದು ಸಾಬ್ರೇ. ಸದ್ದಿಲ್ದಿರೋದು ತೆಗೀರಿ."

ಅವರು ಕೋಲಿನಿಂದ ಒಂದೊಂದನ್ನೇ ತೋರಿಸಿದರು.

"ಮೂರು ನಮೂನೆ ಅದೆ. ಇದು ಕಂಪನಿ ಮಾದರಿ. ಒಳಗೆ ಪೂರ್ತಿ ಜಾಲಿ, ಹೊಗೆ ಅದರೊಳಗೆ ಸುತ್ತಾಡಿ ಸುಸ್ತಾಗಿ ಹೊರಗೆ ಬರ್ತದೆ, ಅದಕ್ಕೇ ಸದ್ದಿಲ್ಲ. ಇದು ಉದ್ದ ಬಾಟ್ಲಿ, ಅರ್ಧ ಜಾಲಿ. ಇದು ಗಿಡ್ಡ ಬಾಟ್ಲಿ, ಜಾಲಿನೇ ಇಲ್ಲ. ಏಕ್‌ದಂ ಖಾಲಿ. ಪಿಕಪ್ ಬೇಕಂದ್ರೆ ಇದೇ."

"ಪಿಕಪ್ ಕಟ್ಕಂಡು ನಾನೇನು ರೇಸಿಗೋಯ್ತೀನಾ."

"ಮತ್ತೆ ಬುಲೆಟ್ ಯಾಕೆ ಇಟ್ಕೊಂಡಿದೀರಿ. ಮಾರಿ ಒಂದು ಸೈಕಲ್ ತಗೊಳ್ಳಿ, ಸದ್ದೇ ಬರಲ್ಲ."

ಅಪ್ಪ ಸೈಕಲ್ಲಿನ ಮಾತಿಗೆ ಹಲ್ಲು ಕಚ್ಚಿದ. ಸೈಕಲ್ಲು ಅವನಣ್ಣನದು. ಮುನೀರ್ ಸಾಬರಿಗೆ ಅದೇನೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಆ ಗಿಡ್ಡ ಬಾಟ್ಲಿ ಬಹಳ ದಿನದಿಂದ ಧೂಳು ಹಿಡಿದು ನೇತಾಡುತ್ತಿದೆ, ಯಾರ ತಲೆಗಾದರೂ ಕಟ್ಟಬೇಕು ಎನ್ನುವುದಷ್ಟೇ. ಆದರೂ ಅಪ್ಪನ ಹಟಕ್ಕೆ ಹಳೆಯದನ್ನು ಬಿಚ್ಚಿ, ಕಂಪನಿ ಮಾದರಿಯದನ್ನು ಬೆಂಡ್ ಪೈಪಿಗೆ ಸುಮ್ಮನೆ ಸಿಕ್ಕಿಸಿ ಗಾಡಿ ಸ್ಟಾರ್ಟ್ ಮಾಡಿದರು. ಗಾಡಿ ನಡೆಯುತ್ತಿದೆಯೋ ಇಲ್ಲವೋ ತಿಳಿಯದಷ್ಟು ಮೆತ್ತಗೆ, ನಿದ್ದೆಗೆ ಬಿದ್ದ ಎಮ್ಮೆ ಉಸಿರಾಡುವ ಹಾಗೆ ಸದ್ದು. ಅಪ್ಪ ಬಗ್ಗಿ ಕಿವಿಗೊಟ್ಟು ಕೇಳಿದ. ರಸ್ತೆಯಾಚೆ ಹೋಗಿ ನಿಂತು ಅಲ್ಲಿಂದಲೂ ಕೇಳಿದ. ವಾಪಸ್ಸು ಬರುವಾಗ ಅವನ ತುಟಿಯ ಮೇಲೆ ನಗು ಇತ್ತು. ಆ ನಗುವನ್ನು ನಾನು ಮರೆತಿಲ್ಲ. ಮನೆಯಲ್ಲಿ ಒಂದು ದಿನವೂ ನಗದ ಮನುಷ್ಯ ಹೆಂಡತಿಯನ್ನು ಹಿಡಿದು ಹಾಕುವ ಸಾಧನ ಸಿಕ್ಕಿತೆಂದು ನಗುತ್ತಿದ್ದ. ನನಗೆ ಅಳು ಬರಲಿಲ್ಲ, ಮಾತು ಬಂತು.

"ಇದಂತೂ ಅಷ್ಟು ದೂರದಿಂದ ಕೇಳ್ಸಕ್ಕೇ ಇಲ್ಲ ಅಲ್ವಾ ಅಪ್ಪ."

"ಅದೇ ಬೇಕಾಗಿರೋದು ಮಗ."

"ಅಂಗಾದ್ರೆ ನೀನು ಯಾರ್ ಮನೀಗೋದ್ರೂ ಬಂದಿದ್ದು ಗೊತ್ತಾಗಕ್ಕಿಲ್ಲ. ಸಿಂಧಘಟ್ಟದಲ್ಲಿ ಎಲೆ ಹಾಕ್ಲಿಲ್ವಲ್ಲ, ಅಂಗೇ ಆಯ್ತದೆ."

ಗಾಡಿ ನಡೆಯುತ್ತಲೇ ಇತ್ತು. ಅಷ್ಟು ಮೆತ್ತಗಿನ ಸದ್ದಾದ್ದರಿಂದ ನನ್ನ ಮಾತು ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸಿತು. ಆ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ, ಯಾವತ್ತೂ, ಅಪ್ಪನೆದುರು ಎತ್ತಿರಲಿಲ್ಲ. ಅಪ್ಪನ ಕಿವಿ ಕೆಂಪಾದದ್ದು ನೋಡಿದೆ. ಹೊಡೆಯುತ್ತಾನೆ ಅಂದುಕೊಂಡು ಕೆನ್ನೆ ಗಟ್ಟಿಮಾಡಿಕೊಂಡೆ. ಅವನು ಹೊಡೆಯಲಿಲ್ಲ.

"ಯಾರ್ ಹೇಳ್ಕೊಟ್ರು ನಿಂಗೆ."

"ಯಾರೂ ಇಲ್ಲ. ಊರೋರೆಲ್ಲ ಅಂತಾರೆ. ಗಾಡಿ ಸದ್ದಿದ್ರೇನೆ ನಿಮ್ಮಪ್ಪಂಗೆ ಎಲೆ ಅಂತ."

ಊರವರು ಹಾಗೆಂದದ್ದು ನಾನು ಕೇಳಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದೆ. ಆದರೆ ಹೇಳಿದ ಮೇಲೆ, ಊರವರು ಖಂಡಿತ ಹಾಗೆ ಅಂದಿರುತ್ತಾರೆ ಎಂದು ನನಗೇ ಅನ್ನಿಸಿತು. ಮುಂದೆ ಪಾಂಡವಪುರದ ಕೋರ್ಟಿನಲ್ಲಿ ವಕೀಲಳಾಗಿ ನಿಂತಾಗಲೂ ನನ್ನ ಕಸುಬು ಇದೇ ಆಯಿತು. ಎದುರಿಗಿರುವವನ ಹುಣ್ಣು ಎಲ್ಲಿದೆ ನೋಡು, ಅಲ್ಲಿ ಬೆರಳಿಡು, ಆಮೇಲೆ ಸುಮ್ಮನೆ ನಿಲ್ಲು. ಕಾನೂನನ್ನು ಕಾಲೇಜಿನಲ್ಲಿ ಕಲಿತೆ, ಇದನ್ನು ಕಲಿತದ್ದು ಮುನೀರ್ ಸಾಬರ ಅಂಗಡಿಯಲ್ಲಿ. ಇದಕ್ಕೆ ನನಗೆ ನಾಚಿಕೆಯಿಲ್ಲ. ಅಪ್ಪ ತಾನೇ ಕೀಲಿ ತಿರುಗಿಸಿ ಆ ಮೆತ್ತಗಿನ ಗಾಡಿಯನ್ನು ನಿಲ್ಲಿಸಿದ.

"ಆ ಖಾಲಿ ಬಾಟ್ಲಿ ತೆಗೀರಿ ಸಾಬ್ರೇ."

"ಈಗ ತಾನೇ ಸದ್ದು ಬೇಡ ಅಂದ್ರಿ."

"ತೆಗೀರಿ ಅಂದ್ರೆ ತೆಗೀರಿ. ಅಂಗಡಿ ಮಡಗಿರೋದು ಪ್ರಶ್ನೆ ಕೇಳಕ್ಕಾ."

ಮುನೀರ್ ಸಾಬರು ಅಪ್ಪನ ಮನಸ್ಸು ತಿರುಗುವ ಮುಂಚೆ ಗಿಡ್ಡ ಬಾಟ್ಲಿಯ ಧೂಳು ಒರೆಸಿ ಬೋಲ್ಟು ಬಿಗಿದರು. ಕಿಕ್ ಹೊಡೆದ ಕೂಡಲೇ ಪಕ್ಕದ ಹೋಟೆಲಿನವನು ಹೊರಗೆ ಬಂದು ಬೈದ. ಊರಿಗೆ ಬರುವ ದಾರಿಯುದ್ದಕ್ಕೂ ಅಪ್ಪ ಒಂದು ಮಾತೂ ಆಡಲಿಲ್ಲ, ಆಡಿದ್ದರೂ ನನಗೆ ಕೇಳಿಸುತ್ತಿರಲಿಲ್ಲ. ನಾಲೆ ಏರಿ ಹತ್ತಿದಾಗ ಕೆಳಗೆ ನಮ್ಮ ಹಿತ್ತಿಲು ಕಾಣುತ್ತಿತ್ತು. ಗೋಡೆಯ ಮೇಲೊಂದು ಕೆಂಪು ಸೀರೆ ಏಳುತ್ತಾ ಬೀಳುತ್ತಾ ಆಚೆ ಇಳಿದು ಮಾಯವಾಯಿತು. ನಾವು ಬಾಗಿಲಿಗೆ ಬಂದಾಗ ಅವ್ವ ಮುದ್ದೆ ತೊಳಸುತ್ತಿದ್ದಳು. ಅಪ್ಪನ ಹಿಂದೆ ನಿಂತಿದ್ದ ನನ್ನನ್ನು ನೋಡಿ ಅವಳು ಕೋಲನ್ನು ಒಂದು ಸುತ್ತು ಜಾಸ್ತಿ ತಿರುಗಿಸಿದಳು. ಅವತ್ತು ನನ್ನ ತಟ್ಟೆಗೆ ತುಪ್ಪ ಬಿತ್ತು.

ಕೆಲವು ತಿಂಗಳು ನಮ್ಮ ಹಿತ್ತಿಲಿಗೆ ಒಳ್ಳೆಯ ಕಾಲ. ಹೊಸ ಸೈಲೆನ್ಸರಿನ ಸದ್ದು ಹಳೆಯದಕ್ಕಿಂತ ಮುಂಚೆಯೇ, ಗಾಡಿ ಏರಿಗೆ ಬರುವುದಕ್ಕೂ ಮೊದಲೇ ಕೇಳಿಸುತ್ತಿತ್ತು. ದೊಡ್ಡವ್ವನಿಗೆ ಗೋಡೆಯ ಮೇಲೆ ಕೂತು ಒಂದೆರಡು ಮಾತು ಹೆಚ್ಚಿಗೆ ಬೈಯಲು ಪುರುಸೊತ್ತು ಸಿಕ್ಕಿತು. ನಾವು ಸಡಿಲವಾಗಿಬಿಟ್ಟೆವು. ಸದ್ದಿಲ್ಲ ಎಂದರೆ ಅಪ್ಪನಿಲ್ಲ ಎಂದು ನಂಬಿಬಿಟ್ಟಿದ್ದೆವು. ಅಪ್ಪನೂ ದಡ್ಡನಲ್ಲ. ತಾನು ಬರುವಷ್ಟರಲ್ಲಿ ಪ್ರತಿ ಸಲವೂ ಮುದ್ದೆ ತೊಳಸುವ ಹಂತದಲ್ಲೇ ಇರುವುದು ಹೇಗೆ ಎಂದು ಅವನಿಗೆ ಯಾವತ್ತೋ ಹೊಳೆದಿರಬೇಕು. ಅವರೆಕಾಯಿಯ ಕಾಲ. ಒಂದು ಮಧ್ಯಾಹ್ನ ಅಕ್ಕತಂಗಿಯರು ನೆನೆಸಿದ ಅವರೆಕಾಳಿನ ಬೋಗುಣಿಯನ್ನು ನಡುವೆ ಇಟ್ಟುಕೊಂಡು, ಕಾಳು ಹಿತುಕಿ ಬೇಳೆಯನ್ನು ಮೊರಕ್ಕೆ ಹಾರಿಸುತ್ತಾ ಡಾಬಿನ ಜಗಳದ ನಡುಮಧ್ಯದಲ್ಲಿದ್ದರು. ನಾನು ಸಿಪ್ಪೆ ಬಾಚುತ್ತಿದ್ದೆ. ಅಪ್ಪ ಏರಿಯಾಚೆ ದೂರದಲ್ಲೇ ಎಂಜಿನ್ನು ಆಫ್ ಮಾಡಿ, ಏರಿಯವರೆಗೆ ಗಾಡಿ ತಳ್ಳಿ, ಅಲ್ಲಿಂದ ನ್ಯೂಟ್ರಲ್ಲಿನಲ್ಲಿ ಇಳಿಜಾರಿನುದ್ದಕ್ಕೂ ಜಾರಿಸಿಕೊಂಡು ಬಂದಿದ್ದ. ತಲೆಯೆತ್ತಿದರೆ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಾನೆ.

ದೊಡ್ಡವ್ವ ಗಡಬಡಿಸಿ ಏಳಹೋದಳು. ಅವ್ವ ಅವಳ ಸೆರಗು ಹಿಡಿದು ಜಗ್ಗಿದಳು.

"ಕುಂತ್ಕೊ ಅಕ್ಕ. ಇನ್ನೂ ಅರ್ಧ ಬೋಗುಣಿ ಅದೆ."

"ಏನಂದಿದ್ದೆ ನಾನು ನಿಂಗೆ," ಎಂದ ಅಪ್ಪ. ಎಂದಿನ ಹಾಗೆ ಮೆತ್ತಗಿನ ದನಿ.

ಅವ್ವ ಒಂದು ಕಾಳು ಹಿತುಕಿದಳು. ಅವನ ಮುಖ ನೋಡಿದಳು. ನಾನು ಬದುಕಿನಲ್ಲಿ ಬಹಳಷ್ಟು ವಾದ ಕೇಳಿದ್ದೇನೆ, ಅಷ್ಟು ಚಿಕ್ಕದಾದ, ಅಷ್ಟು ಕೆಟ್ಟದಾದ ಏಟನ್ನು ಮತ್ತೆ ಕೇಳಿಲ್ಲ.

"ನಿಮ್ ಗಾಡಿ ಸದ್ದು ಕೇಳ್ಲಿಲ್ಲ," ಎಂದಳು. "ನೀವ್ ಬರಕ್ಕಿಲ್ಲ ಅಂದ್ಕಂಡೊ."

ಅಪ್ಪ ಮೊರವನ್ನು ಒದೆಯುತ್ತಾನೆ ಎಂದು ನಾನು ಎಳೆದುಕೊಂಡೆ. ಅವನು ತಿರುಗಿ ಹೊರಗೆ ಹೋದ. ಗಾಡಿಯನ್ನು ಪಕ್ಕದ ಓಣಿಯಿಂದ ತಳ್ಳಿಕೊಂಡು ಬಂದು ನೇರವಾಗಿ ಹಿತ್ತಿಲಲ್ಲೇ, ನಮ್ಮ ಮುಂದೆಯೇ ನಿಲ್ಲಿಸಿ, ಹತ್ತಿ ಕೂತು ಕಿಕ್ ಹೊಡೆದ. ರೈಸ್ ಮಾಡಿದ. ಇನ್ನೂ ರೈಸ್ ಮಾಡಿದ. ಕೋಳಿಗಳು ಗೋಡೆ ಹಾರಿದವು, ಕೊಟ್ಟಿಗೆಯಲ್ಲಿ ಎಮ್ಮೆ ಹಗ್ಗ ಜಗ್ಗಿತು. ಮೊರದಲ್ಲಿನ ಬೇಳೆ ನಡುಗಿತು. ಅವನಿಗೆ ಅವರಿಬ್ಬರ ಮಾತು ನಿಲ್ಲಬೇಕಿತ್ತು, ಅಷ್ಟೇ. ನೋಡೋಣ ಅದೇನು ಮಾತಾಡ್ತೀರೋ ಆಡಿ ಎಂದು ಅವನ ಮುಖ ಹೇಳುತ್ತಿತ್ತು. ಅವ್ವ ಅಕ್ಕನ ಹತ್ತಿರಕ್ಕೆ ಸರಿದು ಕೂತಳು. ದೊಡ್ಡವ್ವ ಅವಳ ಕಿವಿಗೆ ಬಾಯಿಟ್ಟು ಕೂಗಿದಳು. ಅವ್ವ ಅವಳ ಕಿವಿಗೆ ಬಾಯಿಟ್ಟು ಉತ್ತರ ಕೂಗಿದಳು. ಪಕ್ಕದಲ್ಲೇ ಕೂತ ನನಗೆ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಅವರ ಕೈ ಒಂದು ಗಳಿಗೆಯೂ ನಿಲ್ಲಲಿಲ್ಲ, ಬೇಳೆ ಮೊರಕ್ಕೆ ಬೀಳುತ್ತಲೇ ಇತ್ತು. ಹೊಗೆಯಲ್ಲಿ ಮೂವರೂ ಕೆಮ್ಮುತ್ತಾ ಕೂತಿದ್ದೆವು. ಅಪ್ಪ ಬೆಳ್ಳೂರು ಕ್ರಾಸಿನಿಂದ ರಿಸರ್ವಿನಲ್ಲೇ ಬಂದಿದ್ದನೆಂದು ಕಾಣುತ್ತದೆ. ಗಾಡಿ ಒಂದು ಸಲ ಬಿಕ್ಕಿತು, ಇನ್ನೊಂದು ಸಲ ಬಿಕ್ಕಿತು, ಪೆಟ್ರೋಲು ಮುಗಿದು ಗಕ್ಕನೆ ನಿಂತುಹೋಯಿತು. ದೊಡ್ಡವ್ವನಿಗೆ ತನ್ನ ದನಿ ತಗ್ಗಿಸಲು ಪುರುಸೊತ್ತಾಗಲಿಲ್ಲ. 

"ಅವತ್ತು ಒಳ್ಗಡೆ ಅವ್ನಿಗೊಂದೆಲೆ ಹಾಕಿ ಮಡಗಿದ್ದೆ ಕಣೆ ನಾನು, ತಲೆಮಾಂಸ ಸಮೇತ, ಮ್ಯಾಕೊಂದು ಎಲೆ ಮುಚ್ಚಿ. ಬಂದೋನು ಒಂದು ಮಾತ್ ಕೇಳ್ನಾ, ಅಂಗೇ ಓಗ್ಬುಟ್ಟ."

ಆ ಮಾತು ಇಡೀ ಹಿತ್ತಿಲಿಗೆ ಕೇಳಿಸಿತು. ಅಷ್ಟು ವರ್ಷ ಅವಳು ಹೇಳಹೊರಟು ಅವ್ವ ತಡೆಯುತ್ತಿದ್ದ ಮಾತು ಅದು. ದೊಡ್ಡವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅವ್ವ ಹಿತುಕುವುದನ್ನು ನಿಲ್ಲಿಸಿದಳು. ಅಪ್ಪ ಸತ್ತ ಗಾಡಿಯ ಮೇಲೆ ಎರಡೂ ಕೈ ಹಾಗೇ ಹ್ಯಾಂಡಲಿನಲ್ಲಿಟ್ಟುಕೊಂಡು ಕೂತಿದ್ದ. ತಾನು ಎಬ್ಬಿಸಿದ ಗೋಡೆಯ ಕಡೆಗೊಮ್ಮೆ ನೋಡಿದ. ನನಗೆ ಅಯ್ಯೋ ಅನ್ನಿಸಲಿಲ್ಲ. ಆಗಲೂ ಅನ್ನಿಸಲಿಲ್ಲ, ಈಗಲೂ ಇಲ್ಲ. ಕೇಳಿದ್ದರೆ ಸಿಗುತ್ತಿತ್ತು. ಹೆಂಗಸರನ್ನು ಕೇಳಬೇಕೆಂದು ಅವನಿಗೆ ತೋಚಿರಲಿಲ್ಲ.

ಅವನು ಇಳಿದು, ಯಾರ ಮುಖವನ್ನೂ ನೋಡದೆ, ಪೆಟ್ರೋಲು ಹಾಕಿಸಲು ಗಾಡಿಯನ್ನು ತಳ್ಳಿಕೊಂಡು ಏರಿಯ ಕಡೆ ಹೊರಟ. ಏರು ದಾರಿ, ಭಾರದ ಗಾಡಿ. ಅವನು ಏರಿ ದಾಟುವವರೆಗೂ ನಾವು ಮೂವರೂ ನೋಡುತ್ತಿದ್ದೆವು. ಆಮೇಲೆ ಅವ್ವ ಉಳಿದ ಕಾಳನ್ನು ಮುಂದಕ್ಕೆ ಎಳೆದುಕೊಂಡು, ಡಾಬು ಮಾತ್ರ ನಂದೇ ಎಂದಳು. ಕಾರ್ಖಾನೆಯ ಸೈರನ್ನು ಕೂಗಿತು. ದೊಡ್ಡವ್ವ ಸಾವಕಾಶವಾಗಿ ಬೋಗುಣಿ ಖಾಲಿಯಾಗುವವರೆಗೂ ಕೂತು, ತನ್ನ ಪಾಲಿನ ಬೇಳೆಯನ್ನು ಮಡಿಲಿಗೆ ತುಂಬಿಕೊಂಡು ಎದ್ದಳು. ಒರಳುಕಲ್ಲಿನ ಕಡೆಗೆ ಹೋಗಲಿಲ್ಲ. ನಡುಮನೆ ಹಾದು, ನಮ್ಮ ಮುಂಬಾಗಿಲಿಂದ ಬೀದಿಗಿಳಿದು ತನ್ನ ಮನೆಗೆ ಹೋದಳು.